‘ಏನೂ ಇಲ್ಲ ಸಾರ್’ ಎಂಬ ಕಾಯಿಲೆಯ ಕುರಿತು

ಮಾನ್ಯ ಮೇಜರ್ ಡಾಕ್ಟರ್ ಸಾಹೇಬರೇ,

ಸೈನ್ಯದ ಹೊರರೋಗಿ ಚಿಕಿತ್ಸಾಲಯದಲ್ಲಿ ಕುಳಿತು ನಮ್ಮಂಥ ಸಂಸಾರಗಳ ಕೆಮ್ಮು, ಕೀಲುನೋವು, ಕಣ್ಣುರಿಗಳನ್ನೆಲ್ಲ ನಗುಮುಖದಿಂದಲೇ ವಿಚಾರಿಸುವ ತಮಗೆ, ಸೈನ್ಯದ ಲಾರಿ ಓಡಿಸಿ ನಿವೃತ್ತರಾದವರೊಬ್ಬರ ಹೆಂಡತಿಯಾದ ನಾನು ಮಾಡುವ ಅನಂತ ನಮಸ್ಕಾರಗಳು. ತಮ್ಮ ಬಾಗಿಲಿಗೆ ಹೊಸದಾಗಿ ತೂಗುಹಾಕಿರುವ ‘ರೋಗಿಗಳ ಸಂತೃಪ್ತಿ: ನೂರಕ್ಕೆ ನೂರು’ ಎಂಬ ಫಲಕ ಕಂಡು ಕಣ್ತುಂಬಿ ಬಂದುದರಿಂದ ಈ ಬಹಿರಂಗ ದೂರು.

ಆ ನೂರರಲ್ಲಿ ನನ್ನ ಯಜಮಾನರೂ ಒಬ್ಬರು. ಮನೆಯ ಮೆಟ್ಟಿಲನ್ನು ಅರ್ಧ ಹತ್ತುವಷ್ಟರಲ್ಲಿ ಎದೆ ಹಿಡಿದುಕೊಂಡು, ‘ಗೋಡೆ ಬಣ್ಣ ಹೋಗಿದೆ ನೋಡೇ’ ಎಂದು ನೆಪ ಹೇಳಿ ನಿಲ್ಲುವ ಇವರನ್ನು ದಮ್ಮಯ್ಯ ದಕ್ಕಯ್ಯ ಎಂದು ತಮ್ಮಲ್ಲಿಗೆ ಎಳೆತಂದರೆ, ತಮ್ಮ ಹೆಗಲ ಮೇಲಿನ ಚಿಹ್ನೆ ಕಂಡದ್ದೇ ತಡ, ಇವರ ಬೆನ್ನು ನೆಟ್ಟಗಾಗಿ ಹಿಮ್ಮಡಿಗಳು ಕೂಡಿಕೊಂಡವು. ‘ಏನ್ ತೊಂದ್ರೆ?’ ಎಂದು ತಾವು ಅಕ್ಕರೆಯಿಂದಲೇ ಕೇಳಿದಿರಿ. ‘ಏನೂ ಇಲ್ಲ ಸಾರ್!’ ಎಂದು ಇವರು ಗುಡುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತ ಕಣ್ಣು ಕೆಕ್ಕರಿಸಿದರು. ತಾವು ವಿಟಮಿನ್ ಮಾತ್ರೆ ಕೊಟ್ಟು, ಬೆನ್ನು ತಟ್ಟಿ ಕಳಿಸಿದಿರಿ. ಹೊರಗೆ ‘ಸೇವೆ ಹೇಗಿತ್ತು?’ ಎಂದ ನರ್ಸಮ್ಮನಿಗೂ ಸೆಲ್ಯೂಟ್ ಹೊಡೆದು ‘ಅತ್ಯುತ್ತಮ!’ ಎಂದರು.

ವೈದ್ಯರ ಮುಂದೆ ಸುಳ್ಳು ಹೇಳಬಾರದು ಎನ್ನುವ ಹಿರಿಯರು ಸೈನ್ಯದಲ್ಲಿ ಇದ್ದವರಲ್ಲವೆಂದು ಕಾಣುತ್ತದೆ. ಸಾಹೇಬರೇ, ನನಗೆ ಹೆದರಿಕೆಯಾಗಿದೆ. ಈ ಶಿಸ್ತೇ ಇವರ ಪ್ರಾಣಕ್ಕೆ ಎರವಾದೀತು.

ಆದ್ದರಿಂದ ಇವರ ಸರದಿ ಬಂದಾಗ ತಾವು ಹತ್ತು ನಿಮಿಷದ ಮಟ್ಟಿಗೆ ಸಿಪಾಯಿಯಾಗಿ ಹಿಂಬಡ್ತಿ ಪಡೆಯಬೇಕು; ಅದಾಗದಿದ್ದರೆ ಅಷ್ಟು ಹೊತ್ತು ಇವರನ್ನು ಜನರಲ್ ಮಾಡಬೇಕು; ಅದೂ ಆಗದಿದ್ದರೆ, ದಯವಿಟ್ಟು ಕೇಳುವುದನ್ನು ಬಿಟ್ಟು ಆಜ್ಞಾಪಿಸಬೇಕು. ‘ಅಂಗಿ ಬಿಚ್ಚು, ನೋವೆಲ್ಲಿ ತೋರಿಸು’ ಎಂದು ಗದರಿಬಿಡಿ. ಹುಟ್ಟಿದಾರಭ್ಯ ಇವರು ಹುಕುಂ ಮೀರಿದವರಲ್ಲ, ನನ್ನದೊಂದನ್ನು ಬಿಟ್ಟು.

ಸೋಮವಾರ ಮತ್ತೆ ಕರೆತರುತ್ತೇನೆ. ಗದರಿದರೆ ಮೊಣಕಾಲು ನೋವು ಎಂದಾರು, ನಂಬಬೇಡಿ.

ಇಂತಿ,
ತಮ್ಮ ವಿಶ್ವಾಸಿ,
ಪರಮ ಸಂತೃಪ್ತ ರೋಗಿಯೊಬ್ಬರ ಹೆಂಡತಿ

ಮರೆತ ಮಾತು: ಮೊನ್ನೆ ಕರ್ನಲ್ ಸಾಹೇಬರು ತಪಾಸಣೆಗೆ ಬಂದು ‘ಏನಾದ್ರೂ ಕೊರತೆ ಇದೆಯೇನ್ರೀ?’ ಎಂದು ತಮ್ಮನ್ನು ಕೇಳಿದಾಗ ನಾನು ಬಾಗಿಲ ಬಳಿಯ ಬೆಂಚಿನಲ್ಲೇ ಇದ್ದೆ. ಎದೆ ಪರೀಕ್ಷಿಸುವ ಇಸಿಜಿ ಯಂತ್ರ ಕೆಟ್ಟು, ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತು. ತಾವು ಎದೆಯುಬ್ಬಿಸಿ, ‘ಯಾವ ಕೊರತೆನೂ ಇಲ್ಲ ಸಾರ್!’ ಎಂದಿರಿ.