ಏಳನೇ ನಂಬರಿನ ತಾಂಬೂಲ

ಬೆಳಿಗ್ಗೆ ಬೂತಿನಿಂದ ಹಾಲು ತಂದೆ. ಕೂಲರಿಗೆ ನೀರು ತುಂಬಿಸಿದೆ. ದೋಸೆಗೆ ನೆನೆಹಾಕಿದೆ. ಇವರ ಆಫೀಸಿನ ಅಂಗಿಗೆ ಗುಂಡಿ ಹಚ್ಚಿದೆ. ತರಕಾರಿ ಭಯ್ಯಾನನ್ನು ಕಾಡಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿಸಿಕೊಂಡೆ. ಇಷ್ಟೆಲ್ಲ ಮಾಡುತ್ತ ನಾನು ಕಾಯುತ್ತಿದ್ದದ್ದು ಮಾತ್ರ ಒಂದು ಫೋಟೋಗೆ.

ಅಕ್ಕನ ಮಗಳು ವಸುಧಾ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನಲ್ಲೇ ಇದ್ದುಕೊಂಡು ಮೆಣಸಿನ ಬಳ್ಳಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಕರಿಮೆಣಸು, ಹಿಪ್ಪಲಿ, ವೀಳ್ಯದೆಲೆ, ಕಾಡುಮೆಣಸು ಎಲ್ಲವೂ ಒಂದೇ ಕುಲವಂತೆ. ಎಲೆ ಅರೆದು, ಡಿಎನ್‌ಎ ತೆಗೆದು, ಯಾರು ಯಾರಿಗೆ ಎಷ್ಟು ಹತ್ತಿರ ಎಂದು ಅಳೆಯುವುದು ಅವಳ ಕೆಲಸ. ದೆಹಲಿಯ ನಮ್ಮ ಕನ್ನಡದ ಹೆಂಗಸರು "ಯಾವೂರು? ಯಾರ ಪೈಕಿ?" ಎಂಬ ಎರಡೇ ಪ್ರಶ್ನೆಯಲ್ಲಿ, ಕಾಫಿ ಆರುವುದರೊಳಗೆ ಇದನ್ನು ಮುಗಿಸುತ್ತಾರೆ. ಅವಳಿಗೆ ವಾರಗಟ್ಟಲೆ ಬೇಕು. ಮಗುವಿನ ಮನಸ್ಸು ನೋಯಬಾರದೆಂದು ಈ ಮಾತನ್ನು ಅವಳಿಗೆ ಹೇಳಿಲ್ಲ.

ಹೋದ ತಿಂಗಳು ಅವರ ಪ್ರಯೋಗಾಲಯದ ಫ್ರಿಜ್ ಕೆಟ್ಟು, ಎಲೆಗಳ ಕವರುಗಳು ನಮ್ಮ ಫ್ರಿಜ್ಜಿಗೆ ಬಂದವು. ಮಾರನೆಯ ದಿನವೇ ಶುಕ್ರವಾರ. ಬೆಳಿಗ್ಗೆ ಹಿಂದಿನ ಬ್ಲಾಕಿನ ಶಾಂತಕ್ಕ ಬಂದರು. ಅವರದು ಉಡುಪಿ ಕಡೆಯ ಹೋಟೆಲಿನ ಮನೆತನ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಫ್ರಿಜ್ ತೆಗೆದರೆ ಒಂದು ಕವರಿನಲ್ಲಿ ಎರಡು ಚೆಂದದ ಎಲೆ, ನೋಡಲು ವೀಳ್ಯದೆಲೆಯೇ. ಕವರಿನ ಮೇಲೆ ಏಳು ಎಂದು ಬರೆದಿತ್ತು. ಆದರೆ ನಾನು ಎಲೆ ನೋಡುವವಳು, ಕವರು ನೋಡುವವಳಲ್ಲ. ತೆಂಗಿನಕಾಯಿ, ಹೊಸ ಬ್ಲೌಸ್ ಪೀಸಿನ ಜೊತೆ ಕೊಟ್ಟುಬಿಟ್ಟೆ.

ಸಂಜೆ ವಸುಧಾ ಬಂದವಳೇ, "ಚಿಕ್ಕಮ್ಮ, ಸೆವೆನ್ ಎಲ್ಲಿ?" ಎಂದಳು.

"ಶಾಂತಕ್ಕನ ಮನೆಗೆ ಹೋಯ್ತು."

ಅವಳು ನೆಲದ ಮೇಲೆ ಕೂತಳು. ಆ ಕಾಡುಮೆಣಸಿನ ಬಳ್ಳಿ ಸಿಕ್ಕಿದ್ದು ಒಂದೇ. ಮತ್ತೆ ತರಲು ಮಳೆಗಾಲ ಮುಗಿಯಬೇಕು. ಥೀಸಿಸ್ ಅದಕ್ಕೂ ಮೊದಲೇ ಕೊಡಬೇಕು. "ಫೋನ್ ಮಾಡಿ ವಾಪಸ್ ಕೇಳಿ."

"ಕೊಟ್ಟ ತಾಂಬೂಲ ಯಾರಾದ್ರೂ ವಾಪಸ್ ಕೇಳ್ತಾರೇನೆ?"

ಕೇಳುವಂತಿಲ್ಲ, ಅವರಾಗಿ ಕೊಟ್ಟರೆ ತರಬಹುದು. ಆಗಲೇ ಶಾಂತಕ್ಕನ ಮನೆಗೆ ಹೋದೆ. ಅವರ ಹೋಟೆಲಿನ ಸಾಂಬಾರು ಹೊಗಳಿದೆ. "ಬರ್ತೀನಿ" ಎಂದು ಮೂರು ಸಲ ಎದ್ದೆ. ಮೂರನೆಯ ಸಲಕ್ಕೆ, "ಹಾಗೇ ಹೋಗುದಾ ಮಾರಾಯ್ರೆ? ಕೂತ್ಕೊಳ್ಳಿ" ಎಂದು ಅವರು ಒಳಗೆ ಹೋದರು. ಕಾಯಿ, ಎರಡು ಬಾಡಿದ ಎಲೆ, ಒಂದು ಹಸಿರು ಬ್ಲೌಸ್ ಪೀಸು ಬಂತು. ಮೂಲೆಯಲ್ಲಿ ಅರಿಸಿನದ ಕಲೆ. ಎರಡು ವರ್ಷದ ಹಿಂದೆ ನಾನೇ ಅವರಿಗೆ ಕೊಟ್ಟದ್ದು.

ಬಟ್ಟೆಯ ಗುರುತು ಸಿಕ್ಕಿತು, ಎಲೆಯದು ಸಿಗಲಿಲ್ಲ. ವಸುಧಾ ದೀಪಕ್ಕೆ ಹಿಡಿದು ನೋಡಿದಳು. "ಅದೇ ಅನ್ಸತ್ತೆ. ಅನ್ಸತ್ತೆ ಅಂತ ಥೀಸಿಸ್‌ನಲ್ಲಿ ಬರೆಯೋಕಾಗಲ್ಲ."

ಇವತ್ತು ಸಂಜೆ ಆ ಎಲೆಯ ಡಿಎನ್‌ಎ ಫೋಟೋ ತಂದಳು. ಕಪ್ಪು ಹಿನ್ನೆಲೆಯಲ್ಲಿ ಏಣಿಯ ಮೆಟ್ಟಿಲಿನಂಥ ಬಿಳಿ ಗೆರೆಗಳು. "ಇದು ವೀಳ್ಯದೆಲೆ. ಇದು ಸೆವೆನ್. ಗೆರೆಗಳೇ ಬೇರೆ, ನೋಡಿ. ಕರಿಮೆಣಸಿಗೇ ಹತ್ತಿರ. ನಮ್ಮ ಎಲೆಯೇ ಚಿಕ್ಕಮ್ಮ" ಎಂದು ನನ್ನನ್ನು ತಬ್ಬಿಕೊಂಡಳು.

ನನಗೂ ಸಂತೋಷವೇ. ಆದರೆ ಅವತ್ತು ಬೆಳಿಗ್ಗೆ ಕೊಟ್ಟ ತಾಂಬೂಲವನ್ನು ಶಾಂತಕ್ಕ ಸಂಜೆಯೇ ನನಗೆ ದಾಟಿಸಿದ್ದೂ ಸಾಬೀತಾಯಿತಲ್ಲ. ಇವರು ಪತ್ರಿಕೆಯಿಂದ ತಲೆಯೆತ್ತದೆ, "ಅದೃಷ್ಟ ಕಣೆ. ಒಳ್ಳೆ ಹೆಂಗಸಾಗಿದ್ರೆ ತಾಜಾ ಎಲೆ ಕೊಟ್ಟು ಹುಡುಗಿಯ ಥೀಸಿಸ್ ಮುಳುಗಿಸ್ತಿದ್ರು" ಎಂದರು.

ಊಟಕ್ಕೆ ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ. ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲದ ವಸುಧಾ ಎಲ್ಲರಿಗಿಂತ ಮೊದಲು ಮಲಗಿದಳು. ನಾನು ಹಸಿರು ಬ್ಲೌಸ್ ಪೀಸನ್ನು, ಕಲೆ ಒಳಗೆ ಹೋಗುವಂತೆ ಮಡಿಸಿ, ಬೀರುವಿನಲ್ಲಿ ಕೈಗೆ ಸಿಗುವ ಹಾಗೆ ಇಟ್ಟು ಮಲಗಿದೆ. ಭಾನುವಾರ ದ್ವಾರಕಾದಿಂದ ನಾದಿನಿ ಬರುವವಳಿದ್ದಾಳೆ.