ನಾಲ್ಕನೆಯ ಗುಂಡಿ

ಆ ಭಾನುವಾರ ಸೊಸೆ ಮನಿಷಾ ಟಿ.ವಿ. ಮೇಜಿನ ಕಸೂತಿ ಬಟ್ಟೆಯನ್ನು ಒಗೆಯಲು ತೆಗೆಯದೇ ಇದ್ದಿದ್ದರೆ ಅಪ್ಪಣ್ಣ ಕೋರೆಯವರ ನೆಮ್ಮದಿ ಇನ್ನೂ ಕೆಲವು ಕಾಲ ಉಳಿಯುತ್ತಿತ್ತು. ಬಟ್ಟೆ ಹೋದಮೇಲೆ ಅದರಡಿಯಲ್ಲಿದ್ದ ಕಪ್ಪು ಪೆಟ್ಟಿಗೆ ಬಯಲಿಗೆ ಬಂತು. ಉಪ್ಪಿನಕಾಯಿ ಡಬ್ಬಿಯಷ್ಟು ಗಾತ್ರ, ಮುಖದಲ್ಲಿ ಸಾಲಾಗಿ ಪುಟ್ಟ ದೀಪಗಳು, ಹಿಂದಿನಿಂದ ಹೊರಟು ಟಿ.ವಿ.ಯ ಬೆನ್ನಿಗೆ ಸೇರುವ ಒಂದು ತಂತಿ. ಅಪ್ಪಣ್ಣ ಒಬ್ಬರೇ ಕುಳಿತು ಭಜನೆಗೆಂದು ಆಗಷ್ಟೇ ಟಿ.ವಿ. ಹಚ್ಚಿದ್ದರು. ಅದೇ ಹೊತ್ತಿಗೆ ಮೇಲಿನ ಮನೆಯ ಮುದುಕಿ ನಾಗವ್ವ ಹೆಪ್ಪು ಕೇಳಲು ಬಟ್ಟಲು ಹಿಡಿದು ಒಳಗೆ ಬಂದರು.

ಬೇರೆ ದಿನವಾಗಿದ್ದರೆ ಹೆಪ್ಪು ತೆಗೆದುಕೊಂಡು ಹೋಗುತ್ತಿದ್ದರು. ಆದರೆ ಹಿಂದಿನ ಸಂಜೆಯಷ್ಟೇ ‘ಆಠವಾ ಮಜಲಾ’, ಎಂದರೆ ಎಂಟನೆಯ ಅಂತಸ್ತು, ಎಂಬ ಮರಾಠಿ ಧಾರಾವಾಹಿಯ ಕೊನೆಯದಕ್ಕಿಂತ ಹಿಂದಿನ ಕಂತು ಪ್ರಸಾರವಾಗಿತ್ತು. ಸಾಂಗ್ಲಿಯಿಂದ ಮಿರಜಿನವರೆಗೆ ಅದನ್ನು ನೋಡದ ಮನೆ ಕಡಿಮೆ. ಅದರ ಕತೆಯಲ್ಲಿ ಏಳು ಅಂತಸ್ತಿನ ಒಂದು ಸರಕಾರಿ ಕಟ್ಟಡ. ಅದಕ್ಕೆ ಹೊರಗಿನಿಂದ ಕಾಣದ ಎಂಟನೆಯ ಅಂತಸ್ತು. ಅಲ್ಲಿ ಕಿವಿಗೆ ಯಂತ್ರ ಹಾಕಿಕೊಂಡವರು ಕುಳಿತು ಊರವರ ಮಾತನ್ನೆಲ್ಲ ಕೇಳುತ್ತಾರೆ. ಶನಿವಾರದ ಕಂತಿನಲ್ಲಿ ನಾಯಕನು ಒಬ್ಬ ಗುಮಾಸ್ತನ ಮನೆಯ ಟಿ.ವಿ. ಸರಿಸಿ ನೋಡಿದಾಗ ಅದರ ಹಿಂದೆ ಒಂದು ಕಪ್ಪು ಪೆಟ್ಟಿಗೆ ಮಿನುಗುತ್ತಿತ್ತು.

“ಅಪ್ಪಣ್ಣಾ, ಏನೋ ಇದು?” ಎಂದು ಕೇಳಿದರು ನಾಗವ್ವ.

“ಸ್ಟೆಬಿಲೈಜರ್, ಮಾವಶಿ.”

“ಸ್ಟೆಬಿಲೈಜರ್ ಕಣ್ಣ ಪಿಳಕಸ್ತೈತೇನು?”

ಉತ್ತರಕ್ಕೆ ಕಾಯದೆ, ಹೆಪ್ಪನ್ನೂ ಕೇಳದೆ, ಖಾಲಿ ಬಟ್ಟಲನ್ನು ಎದೆಗೆ ಒತ್ತಿಕೊಂಡು ಅವರು ಹಿಂದೆ ಹಿಂದೆ ಸರಿಯುತ್ತ ಬಾಗಿಲು ದಾಟಿದರು.

ಪೆಟ್ಟಿಗೆಯ ಸಂಗತಿ ಇಷ್ಟೇ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ಅಳೆಯುವ ಒಂದು ಸಂಸ್ಥೆ ಕೆಲವು ಮನೆಗಳನ್ನು ಆರಿಸಿ ಇಂಥ ಯಂತ್ರ ಇಡುತ್ತದೆ. ಟಿ.ವಿ. ಹಚ್ಚಿದೊಡನೆ ಅದರ ದೀಪಗಳು ಮಿನುಗಿ, ಯಾರು ಕುಳಿತಿದ್ದೀರಿ ಎಂದು ಕೇಳುತ್ತವೆ. ಕುಳಿತವರು ಚಿಕ್ಕ ರಿಮೋಟಿನಲ್ಲಿ ತಮ್ಮ ತಮ್ಮ ಗುಂಡಿ ಒತ್ತಬೇಕು. ಮಗ ಓಂಕಾರ ಒಂದು, ಮನಿಷಾ ಎರಡು, ಹೆಂಡತಿ ಸುನಂದಾಬಾಯಿ ಮೂರು. ಅಪ್ಪಣ್ಣ ನಾಲ್ಕನ್ನು ಒತ್ತುತ್ತಿದ್ದರು. ಶರತ್ತು ಒಂದೇ: ಯಂತ್ರ ಇರುವ ವಿಷಯ ಹೊರಗಿನವರಿಗೆ ಗೊತ್ತಾಗಬಾರದು. ಗೊತ್ತಾದರೆ ಕಿತ್ತುಕೊಂಡು ಹೋಗುತ್ತಾರೆ.

ಉಳಿದ ಮೂವರಿಗೆ ಅದು ಹೋದರೆ ಒಂದು ಪೀಡೆ ಕಳೆದಂತೆ. ಅಪ್ಪಣ್ಣನವರಿಗೆ ಹಾಗಲ್ಲ. ಗಣಪತಿ ಪೇಠದ ಬೆಲ್ಲದ ಅಂಗಡಿಯನ್ನು ಈಗ ಓಂಕಾರ ನಡೆಸುತ್ತಾನೆ. ಗಾದಿಯ ಮೇಲೆ ಕುಳಿತ ಅಪ್ಪಣ್ಣನವರನ್ನು ಬಂದವರು ಕೇಳುವುದು ಒಂದೇ ಮಾತು, ಓಂಕಾರ ಎಲ್ಲಿ ಎಂದು. ಮನೆಯಲ್ಲಿ ಏನು ಅಡಿಗೆ, ಯಾರ ಮನೆಯ ಮದುವೆಗೆ ಯಾವ ಆಹೇರು ಎಂಬುದು ಅತ್ತೆ ಸೊಸೆಯರ ನಡುವೆ ತೀರ್ಮಾನವಾಗುತ್ತದೆ. ಅಪ್ಪಣ್ಣ ಎದ್ದು ಹೊರಗೆ ಹೋದರೆ ಎಲ್ಲಿಗೆ ಎನ್ನುವವರಿಲ್ಲ. ಬಂದರೆ ಬಂದಿರಾ ಎನ್ನುವವರೂ ಇಲ್ಲ. ಯಾರ ದೋಷವೂ ಅಲ್ಲ, ಎಲ್ಲರಿಗೂ ಕೆಲಸ ಇರುತ್ತದೆ. ಆದರೆ ಈ ಪೆಟ್ಟಿಗೆ ಮಾತ್ರ ಅವರು ಉತ್ತರ ಕೊಡುವವರೆಗೂ ಬಿಡದೆ ಮಿನುಗುತ್ತಿತ್ತು.

ಯಂತ್ರ ಪರೀಕ್ಷಿಸಲು ಬರುವ ಸೋನಾಲಿ ಎಂಬ ಹುಡುಗಿ ಒಮ್ಮೆ, “ಕಾಕಾ, ನಿಮ್ಮ ಒಂದ ಮನಿ ಅಂದ್ರ ಸಾವಿರಾರು ಮನಿ ಇದ್ದಂಗ ಬರ್ರಿ” ಎಂದು ಹೇಳಿಹೋಗಿದ್ದಳು. ಅಂದಿನಿಂದ ಅಪ್ಪಣ್ಣ ಟಿ.ವಿ.ಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದರು. ದ್ರಾಕ್ಷಿಯ ಬೂದಿರೋಗದ ಕಾರ್ಯಕ್ರಮವನ್ನೂ ಬಿಡಲಿಲ್ಲ. ತಾವು ತೂಕಡಿಸಿದರೆ ಸಾವಿರಾರು ಮನೆ ತೂಕಡಿಸಿದಂತೆ ಎಂಬ ಹೊಣೆ ಅವರ ಮೇಲಿತ್ತು.

ಮಗ ಸೊಸೆ ಮಿರಜಿನ ಬೀಗರ ಮನೆಗೆ ಹೊರಡುವ ಹೊತ್ತಿಗೆ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿತ್ತು. ಅರಿಸಿನ ವ್ಯಾಪಾರಿ ಬಸವಪ್ರಸಾದ ಸೊಸೈಟಿಯ ಸೆಕ್ರೆಟರಿ. ಅವನು ಅಪ್ಪಣ್ಣನವರ ಮನೆಯವರನ್ನು ಬಿಟ್ಟು ಎಲ್ಲರನ್ನೂ ಕೆಳಗೆ ಗಾಡಿ ನಿಲ್ಲಿಸುವ ಜಾಗಕ್ಕೆ ಕರೆಸಿದ. ಧಾರಾವಾಹಿಯ ನಾಯಕ ಮಾಡಿದಂತೆ ಮೊದಲು ಎಲ್ಲರ ಫೋನುಗಳನ್ನು ಒಂದು ಡಬ್ಬಿಯಲ್ಲಿ ಮುಚ್ಚಬೇಕೆಂದ. ನಾಗವ್ವ ಕೊಟ್ಟ ಡಬ್ಬಿಯ ತಳದಲ್ಲಿ ಜೋಳದ ಹಿಟ್ಟಿತ್ತು. ಸಭೆ ಆರಂಭವಾದ ಕೂಡಲೇ ಅದರೊಳಗೆ ಒಂದು ಫೋನು ಬಡಿದುಕೊಳ್ಳತೊಡಗಿತು. ಯಾರದೆಂದು ತಿಳಿಯದೆ ಒಬ್ಬೊಬ್ಬರೂ ಕೈ ಹಾಕಿ, ಮೊಣಕೈವರೆಗೆ ಬೆಳ್ಳಗಾಗಿ, ರೊಟ್ಟಿ ತಟ್ಟುವವರ ಹಾಗೆ ನಿಂತರು.

ಬಳಿಕ ಪ್ರತಿಯೊಬ್ಬರೂ ಅಪ್ಪಣ್ಣನವರ ಮನೆಯಲ್ಲಿ ತಾವು ಏನೇನು ಆಡಿದ್ದೆವು ಎಂದು ನೆನಪಿಸಿಕೊಳ್ಳಲು ಕುಳಿತರು. ಸರಕಾರದ ಬಗ್ಗೆ ಆಡಿದ್ದನ್ನು ಯಾರೂ ನೆನೆಯಲಿಲ್ಲ. ಅದನ್ನು ಅವರು ಚಹಾದಂಗಡಿಯಲ್ಲೇ ಗಟ್ಟಿಯಾಗಿ ಆಡುತ್ತಾರೆ. ಅವರನ್ನು ಕಾಡಿದ್ದು ಒಬ್ಬರ ಬಗ್ಗೆ ಒಬ್ಬರು ಆಡಿದ್ದು. ನಾಗವ್ವ ಮೂರನೆಯ ಅಂತಸ್ತಿನಲ್ಲೇ ಇರುವ ತಂಗಿಯ ಸೊಸೆಯ ಬಗ್ಗೆ ಹೇಳಿದ್ದರು. ಬಸವಪ್ರಸಾದ ನಾಗವ್ವನ ಬಗ್ಗೆ ಹೇಳಿದ್ದ. ಎಂಟನೆಯ ಅಂತಸ್ತಿನವರು ಕೇಳಿಸಿಕೊಂಡರೆ ಚಿಂತೆಯಿಲ್ಲ, ಮೂರನೆಯ ಅಂತಸ್ತಿನವರಿಗೆ ಮುಟ್ಟಿಸಿಬಿಟ್ಟರೆ ಏನು ಗತಿ ಎಂದು ಎಲ್ಲರ ಮುಖ ಬಾಡಿತ್ತು.

ಹಿಗ್ಗಿದವರು ರಾವಸಾಬ ಒಬ್ಬರೇ. ಎಸ್.ಟಿ. ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದ ಅವರು ಓಣಿಯ ತುಂಬಿದ ಗಟಾರದ ಬಗ್ಗೆ ಎಷ್ಟೋ ಅರ್ಜಿ ಕೊಟ್ಟು ದಣಿದಿದ್ದರು. ಸಭೆ ಬಿಟ್ಟು ನೇರವಾಗಿ ಅಪ್ಪಣ್ಣನವರ ಮನೆಗೆ ಹೋಗಿ, ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತು, ಗಟಾರದ ಕತೆಯನ್ನು ಮೊದಲಿನಿಂದ ನಿಧಾನವಾಗಿ ಹೇಳಿದರು. ಕನ್ನಡದಲ್ಲಿ ಒಮ್ಮೆ, ತಿಳಿಯದೇ ಹೋದೀತೆಂದು ಮರಾಠಿಯಲ್ಲಿ ಇನ್ನೊಮ್ಮೆ.

ಇತ್ತ ಬಸವಪ್ರಸಾದ ಅಪ್ಪಣ್ಣನವರನ್ನು ಕೆಳಗೆ ಕರೆಸಿ ಮೂಲೆಗೆ ಕರೆದೊಯ್ದ. ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಹಿಂದೆ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ತಿಳಿಸುತ್ತಿದ್ದರು. ಯಾವ ಯಂತ್ರವೂ ಕದಿಯಲಾರದ ಮಾತು ಅದೊಂದೇ ಎಂದು ಅವನಿಗೆ ಹೊಳೆದಿತ್ತು. ಅಪ್ಪಣ್ಣನವರ ಕೈಮೇಲೆ ಟವೆಲು ಹಾಸಿ, ಕಣ್ಣಲ್ಲಿ ಕಣ್ಣಿಟ್ಟು, ಬೆರಳುಗಳನ್ನು ಬಲವಾಗಿ ಹಿಂಡಿದ.

ಅಪ್ಪಣ್ಣ ಬಹಳ ಹೊತ್ತು ಯೋಚಿಸಿ, “ಯಾವ ಮಾಲಿನ ದರ ಇದು?” ಎಂದರು.

ಬಸವಪ್ರಸಾದ ಕೈ ಕಿತ್ತುಕೊಂಡ. ಆ ಬೆರಳ ಭಾಷೆಯಲ್ಲಿ ಎಲ್ಲ ದರಗಳೂ ಇದ್ದವು. ನೀವು ನಮ್ಮನ್ನು ಹಿಡಿದುಕೊಟ್ಟಿದ್ದೀರಾ ಎಂದು ಕೇಳುವ ದಾರಿ ಇರಲಿಲ್ಲ.

ಸಂಜೆ ಕೊನೆಯ ಕಂತು. ನೋಡದೆ ಇರುವಂತಿಲ್ಲ, ತಮ್ಮ ಮನೆಯ ಟಿ.ವಿ. ಹಚ್ಚಲು ಧೈರ್ಯವಿಲ್ಲ. ನಾಗವ್ವನೇ ದಾರಿ ತೋರಿಸಿದರು. “ಅಪ್ಪಣ್ಣನ ಮನಿ ಹೆಂಗೂ ಕೆಟ್ಟೈತಿ. ಅಲ್ಲೇ ನೋಡೂಣು. ನಮ್ಮ ಮನಿ ಯಾಕ ಕೆಡಸೂದು?” ಹೀಗೆ ಇಡೀ ಕಟ್ಟಡ ಅಪ್ಪಣ್ಣನವರ ಪಡಸಾಲೆಯಲ್ಲಿ ಬಂದು ಕುಳಿತಿತು. ಜಮಖಾನೆ ಸಾಲದೆ ಚಾದರ ಹಾಸಬೇಕಾಯಿತು. ಸುನಂದಾಬಾಯಿ ದೊಡ್ಡ ಪಾತೇಲಿಯಲ್ಲಿ ಚಹಾಕ್ಕೆ ಇಟ್ಟರು.

ಟಿ.ವಿ. ಹತ್ತಿತು. ಪೆಟ್ಟಿಗೆಯ ದೀಪಗಳು ಮಿನುಗಿದವು. ಅಪ್ಪಣ್ಣ ರಿಮೋಟನ್ನು ಶಾಲಿನೊಳಗೆ ಹಿಡಿದು ಕುಳಿತಿದ್ದರು. ಒತ್ತಿದರೆ ಕಾಣುತ್ತದೆ. ಒತ್ತದಿದ್ದರೆ, ಸಾವಿರಾರು ಮನೆಗಳು ಕೊನೆಯ ಕಂತು ನೋಡುತ್ತಿರುವ ಈ ಸಂಜೆ, ಅಪ್ಪಣ್ಣ ಎಂಬವರು ಕುಳಿತಿರಲೇ ಇಲ್ಲ ಎಂದಾಗುತ್ತದೆ. ದೀಪ ಮಿನುಗುತ್ತಲೇ ಇತ್ತು. ಅವರು ತಡೆಯಲಾರದೆ ಒತ್ತಿದರು.

ಟಿಕೆಟಿಲ್ಲದವರ ಕೈಗಳನ್ನು ನೋಡುತ್ತಲೇ ಆಯುಷ್ಯ ಕಳೆದಿದ್ದ ರಾವಸಾಬರು ತಕ್ಷಣ ಹೇಳಿದರು, “ಶೇಟ, ಶಾಲಿನ್ಯಾಗಿನ ಕೈ ಹೊರಗ ತಗೀರಿ.”

ರಿಮೋಟು ಹೊರಗೆ ಬಂತು. ಯಾರೋ ಟಿ.ವಿ.ಯ ಧ್ವನಿ ಕಡಿಮೆ ಮಾಡಿದರು. ಬಸವಪ್ರಸಾದ ಮೆಲ್ಲಗೆ ಕೇಳಿದ, “ಕಾಕಾ, ಖರೇ ಹೇಳ್ರಿ. ನೀವ ಯಾವ ಮಜಲಾದವರು?”

ಅಪ್ಪಣ್ಣ ಒಮ್ಮೆ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ನೆರೆಯವರನ್ನು. ನಿಜ ಹೇಳಿದರೆ ಪೆಟ್ಟಿಗೆ ಹೋಗುತ್ತದೆ; ಹೇಳದಿದ್ದರೆ ಸಾಯುವವರೆಗೂ ಗೂಢಚಾರನೆಂದು ಅನ್ನಿಸಿಕೊಳ್ಳಬೇಕು. ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟರು. ಸಂಸ್ಥೆಯ ವಿಷಯ, ಸೋನಾಲಿಯ ವಿಷಯ, ಶರತ್ತಿನ ವಿಷಯ.

“ಇದು ಏನೂ ಕೇಳಸ್ಕೊಳಂಗಿಲ್ಲರಿ. ಟಿ.ವಿ. ಮುಂದ ಯಾರ ಕುಂತಾರ ಅನ್ನೂದನ್ನ ಅಷ್ಟ ಎಣಸತೈತಿ” ಎಂದು ಮುಗಿಸಿದರು.

ಜನ ನಿಟ್ಟುಸಿರು ಬಿಡಬಹುದೆಂದು ಅವರು ಎಣಿಸಿದ್ದರು. ಹಾಗಾಗಲಿಲ್ಲ. ತಾವು ಆಡಿದ ಅಷ್ಟೊಂದು ಮಾತು ಯಾರಿಗೂ ಬೇಕಾಗಿರಲಿಲ್ಲ ಎಂಬುದು ನಿಧಾನವಾಗಿ ಎಲ್ಲರ ತಲೆಗೆ ಇಳಿಯಿತು.

“ಅಂದ್ರ ನಾ ಗಟಾರದ್ದ ಹೇಳಿದ್ದು?” ಎಂದರು ರಾವಸಾಬ.

“ಯಾರೂ ಕೇಳಿಲ್ರಿ.”

“ಮರಾಠಿದೂ?”

ಅದೂ ಇಲ್ಲವೆಂದು ಅಪ್ಪಣ್ಣ ತಲೆಯಾಡಿಸಿದರು. ರಾವಸಾಬರ ಮುಖದಲ್ಲಿ ಆ ದಿನ ಮೊದಲ ಸಲ ಹೆದರಿಕೆ ಕಂಡಿತು.

ನಾಗವ್ವನಿಗೆ ಬಂದದ್ದು ಸಿಟ್ಟು. ಅದೇ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡಿದವರು ತಾವು. ಎಣಿಕೆಗೆ ಅಪ್ಪಣ್ಣನೇ ಏಕೆ? “ನಮ್ಮನ್ನ್ಯಾಕ ಎಣಸಂಗಿಲ್ಲ ಅದು? ನಾವು ಮಂದಿ ಅಲ್ಲೇನು?” ಎಂದರು. ಉಳಿದವರೂ ಹೌದೆಂದರು. ಬೆಳಗಿನಿಂದ ಪೆಟ್ಟಿಗೆಯ ಕಣ್ಣಿಗೆ ಬೀಳದಂತೆ ಗೋಡೆಗೆ ಅಂಟಿ ಓಡಾಡಿದವರೇ ಈಗ ಅದರ ಎದುರು ಸರಿದು ಕುಳಿತರು.

ಚಹಾದ ತಟ್ಟೆ ಹಿಡಿದು ಹೊರಬಂದ ಸುನಂದಾಬಾಯಿ ಸಮಾಧಾನ ಹೇಳಿದರು. “ಸಿಟ್ಟ ಯಾಕ ಮಾಡ್ತೀರಿ ಮಾವಶಿ? ನಿಮ್ಮನ್ನೂ ಎಣಸತೈತಿ. ಮನೀಗಿ ಬಂದ ನೆಂಟರಿಗಿ, ಪಾವಣೇರಿಗಿ ಬ್ಯಾರೆ ಗುಂಡಿ ಐತಿ. ನಾಲ್ಕನೇದು.”

“ನಾಲ್ಕನೇದ ನಂದು” ಎಂದರು ಅಪ್ಪಣ್ಣ.

“ನೀವೂ ಅದನ್ನ ಒತ್ತತೀರಿ, ಖರೆ” ಎಂದರು ಸುನಂದಾಬಾಯಿ, ಚಹಾ ಹಂಚುತ್ತಲೇ. “ಆ ಹುಡಗಿ ಹಚ್ಚಾಕ ಬಂದ ದಿನ ನೀವ ಕವಲಾಪುರಕ್ಕ ಲಗ್ನಕ್ಕ ಹೋಗಿದ್ರಿ. ಮನ್ಯಾಗ ಟಿ.ವಿ. ಯಾರ್ಯಾರ ನೋಡತೀರಿ ಅಂತ ಕೇಳಿದಳು. ನಾ ನಮ್ಮ ಮೂರ ಮಂದೀದ ಹೆಸರ ಹೇಳಿದೆ. ನಿಮ್ಮದ ಲಕ್ಷ್ಯಕ್ಕ ಬರಲಿಲ್ಲ. ಆಮ್ಯಾಲ ನೀವ ಬಂದು, ನಂದ್ಯಾವುದು ಅಂದ್ರಿ. ಪಾವಣೇರದ ಹೆಂಗೂ ಖಾಲಿ ಇತ್ತು, ಅದನ್ನ ಒತ್ತರಿ ಅಂದೆ.”

ಮಾತಿನಲ್ಲಿ ಕುಹಕ ಇರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ. ಇಷ್ಟು ತಿಂಗಳು ಅಪ್ಪಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತು ಸಾವಿರಾರು ಮನೆಗಳ ಪರವಾಗಿ ನೋಡಿದ್ದೆಲ್ಲವೂ ಯಾರೋ ನೆಂಟರು ಬಂದು ನೋಡಿಹೋದ ಲೆಕ್ಕಕ್ಕೆ ಸೇರಿತ್ತು. ಎಲ್ಲಿಯೋ ಒಂದು ಕಚೇರಿಯಲ್ಲಿ, ಈ ಮನೆಗೆ ದಿನವೂ ಒಬ್ಬ ನೆಂಟ ಬರುತ್ತಾನೆ, ಬಂದವನು ಏಳುವುದೇ ಇಲ್ಲ ಎಂದು ಜನ ಕನಿಕರಪಟ್ಟಿರಲೂ ಸಾಕು.

ಯಾರೂ ನಗಲಿಲ್ಲ. ಬಸವಪ್ರಸಾದ ತುಸು ಸರಿದು, “ಬರ್ರಿ ಕಾಕಾ, ಇಲ್ಲೇ ಕುಂದ್ರಿ” ಎಂದು ಚಾದರದ ಮೇಲೆ ಜಾಗ ಕೊಟ್ಟ. ಅಪ್ಪಣ್ಣ ಕುರ್ಚಿ ಬಿಟ್ಟು ನೆರೆಯವರ ನಡುವೆ ಹೋಗಿ ಕುಳಿತರು. ಅಷ್ಟರಲ್ಲಿ ಪರದೆಯ ಮೇಲೆ ಹೆಸರುಗಳು ಏರಿಹೋಗುತ್ತಿದ್ದವು. ಎಂಟನೆಯ ಅಂತಸ್ತಿಗೆ ಏನಾಯಿತು ಎಂಬುದನ್ನು ಆ ಕಟ್ಟಡದಲ್ಲಿ ಒಬ್ಬರೂ ನೋಡಿರಲಿಲ್ಲ.

ಒಬ್ಬೊಬ್ಬರಾಗಿ ಎದ್ದರು. ಬಾಗಿಲಲ್ಲಿ ನಿಂತ ಸುನಂದಾಬಾಯಿ ಪ್ರತಿಯೊಬ್ಬರಿಗೂ ಮತ್ತೆ ಬನ್ನಿರೆಂದು ಹೇಳಿ ಕಳಿಸುತ್ತಿದ್ದರು. ಸಾಲಿನ ಕೊನೆಯಲ್ಲಿ ಅಪ್ಪಣ್ಣನವರೂ ಹೋಗಿ, ಬಗ್ಗಿ, ಚಪ್ಪಲಿ ಹುಡುಕತೊಡಗಿದರು. ಏಕೆಂದು ಅವರಿಗೇ ತಿಳಿಯಲಿಲ್ಲ.

“ನೀವ ಎಲ್ಲಿ ಹೊಂಟ್ರಿ?” ಎಂದರು ಸುನಂದಾಬಾಯಿ.

ಅಪ್ಪಣ್ಣ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೆಯೇ ನಿಂತರು. ಈ ಮನೆಯಲ್ಲಿ ತಮ್ಮನ್ನು ಯಾರಾದರೂ ಈ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಅದಕ್ಕೆ ತಕ್ಕ, ಒಂದಿಷ್ಟು ಉದ್ದದ ಉತ್ತರ ಕೊಡಬೇಕೆಂದು ಗಂಟಲು ಸರಿಮಾಡಿಕೊಂಡರು.

“ಹೊಂಟೀರಿ ಅಂದ್ರ ಹಾಲಿನ ಪಾಕೀಟ ತರ್ರಿ” ಎಂದು ಹೇಳಿ ಸುನಂದಾಬಾಯಿ ಒಳಗೆ ಹೋದರು. “ಬಂದಾವ್ರೆಲ್ಲ ಕುಡದ ಖಾಲಿ ಮಾಡ್ಯಾರ.”