ತಗಡಿನ ಒಲೆ ಕಿತ್ತ ಶನಿವಾರ

ಆರ್ವಿಡ್ ಸ್ಕೋಗ್ಮೋನ ಮನೆಯಲ್ಲಿ ಆ ಶನಿವಾರದ ರಾಮಾಯಣಕ್ಕೆಲ್ಲ ಕಾರಣ ಒಂದು ಮೇಣದಬತ್ತಿ. ಸರೋವರದಂಚಿನ ಚಳಿಯೂರು ಡುಲೂತ್‌ನಲ್ಲಿ ನವೆಂಬರ್ ತಿಂಗಳು. ಸರೋವರದ ಗಾಳಿ ಕರೆಯದ ನೆಂಟನಂತೆ ಬಾಗಿಲ ಸಂದಿಯಲ್ಲಿ ನುಗ್ಗುತ್ತಿತ್ತು. ಅಗ್ಗಿಷ್ಟಿಕೆ ಧಗಧಗ ಉರಿಯುತ್ತಿದ್ದರೂ ಅದರೆದುರು ಆರ್ವಿಡ್‌ನ ಹೆಂಡತಿ ಮಾರ್ಲಿಸ್ ಕೋಟು ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದಳು. ಮೇಣದಬತ್ತಿ ಊದಿ ಆರಿಸಿ ಎತ್ತಿ ಹಿಡಿದಳು. ಹೊಗೆ ಊಟದ ಗಂಟೆ ಕೇಳಿದವರ ಹಾಗೆ ನೆಟ್ಟಗೆ ಅಗ್ಗಿಷ್ಟಿಕೆಯೊಳಗೆ ಓಡಿತು.

“ನೋಡ್ದೆಯಾ? ಮನೇಲಿರೋ ಬಿಸಿಯನ್ನೆಲ್ಲ ಇದೇ ಕುಡೀತಿದೆ. ಹೊಸ ಒಲೆ ತಂದು ಹದಿನೈದು ದಿನ ಆಯ್ತು, ಗ್ಯಾರೇಜ್ ಬೆಚ್ಚಗಿಡೋಕೆ ತಂದ್ಯಾ?”

“ಮಧ್ಯಾಹ್ನ ಮೂರಕ್ಕೆ ರೂಬೆನ್ ಬರ್ತಾನಲ್ಲ!”

ಒಲೆ ಕೂರಿಸುವ ಆ ರೂಬೆನ್ ಫೋನಿನಲ್ಲಿ ಬಿಡಿಸಿ ಹೇಳಿದ್ದ: “ನಿಮ್ಮ ಹಳೇದು ಕಾರ್ಖಾನೇಲಿ ಮಾಡಿ ಗೋಡೆಯೊಳಗೆ ಕೂರಿಸಿದ ತಗಡಿನ ಡಬ್ಬ. ಅದರೊಳಗೆ ಹೊಸದನ್ನ ತುರುಕಿದ್ರೆ ಮನೆಗೇ ಬೆಂಕಿ ಬೀಳತ್ತೆ. ಡಬ್ಬ, ಚಿಮ್ನಿ ಕೊಳವೆ ಎರಡೂ ಕೀಳಬೇಕು. ನಾನು ಬರೋವರೆಗೆ ಮುಟ್ಟಬೇಡಿ.”

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಆರ್ವಿಡ್‌ಗೆ ನೆನಪಿತ್ತು. ಮಾರ್ಲಿಸ್ ಚರ್ಚಿನ ಅಡುಗೆಮನೆಗೆ ಹೊರಟದ್ದೇ ತಡ, ಬೆಂಕಿ ಆರಿಸಿ, ಬೂದಿ ತೆಗೆದು, ಡಬ್ಬ ತಣ್ಣಗಾಗುವುದನ್ನೇ ಕಾಯುತ್ತ ಕೂತ. ಅಷ್ಟರಲ್ಲಿ ಎದುರುಮನೆಯ ಡೆಲ್ ಹಾಜರಾದ. ಎಲ್ಲಾದರೂ ರಿಪೇರಿಯ ವಾಸನೆ ಬಡಿದರೆ ಸಾಕು, ಬೆಲ್ಲಕ್ಕೆ ಇರುವೆಯಂತೆ ಬರುವ ಮನುಷ್ಯ.

“ಲೋ, ಸ್ಕ್ರೂ ಬಿಚ್ತಾ ಕೂತ್ರೆ ಕ್ರಿಸ್‌ಮಸ್ ಬರತ್ತೆ. ಹಗ್ಗ ಕಟ್ಟು, ಎಳೆಯೋಣ.”

“ಹಿಂದೆ ಏನಿದೆಯೋ ಏನೋ!”

“ಗೋಡೆ ಹಿಂದೆ ಏನಿರತ್ತೋ? ಗೋಡೆ!”

ಎಳೆದರು. ಡಬ್ಬ ಹಟಮಾರಿ ಹೋರಿಯಂತೆ ಕಾಲೂರಿ ನಿಂತಿತು. ಮತ್ತೆ ಎಳೆದರು. ಧಡಾರನೆ ಡಬ್ಬ ಬಂತು, ಅದಕ್ಕೆ ಅಂಟಿಕೊಂಡಿದ್ದ ಹಲಗೆಯೂ ಬಂತು, ಇಪ್ಪತ್ತು ವರ್ಷದ ಮಸಿಯೂ ಬಂತು. ಇಬ್ಬರೂ ಅಂಗಾತ ಬಿದ್ದರು.

ಮಸಿ ತಿಳಿಯಾದಾಗ ಗೋಡೆಯಲ್ಲಿ ಕಿಂಡಿ ಕಂಡಿತು. ಕಿಂಡಿಯಾಚೆ ಪಕ್ಕದ ಮನೆ. ಒಂದೇ ಗೋಡೆಯ ಜೋಡಿಮನೆಗಳಲ್ಲವೇ! ಅಲ್ಲಿ ಆರಾಮಕುರ್ಚಿಯಲ್ಲಿ ನಿವೃತ್ತ ಶಿಕ್ಷಕಿ ಮಿಸ್ ಟ್ವೈಟ್ ಹೆಣಿಗೆ ಹಿಡಿದು ಕೂತಿದ್ದರು. ಅವರ ಬೆಳ್ಳಗಿನ ಕೂದಲು ಮಸಿಯಿಂದಾಗಿ ಒಂದೇ ಏಟಿಗೆ ನಲವತ್ತು ವರ್ಷ ಹಿಂದಕ್ಕೆ ಹೋಗಿತ್ತು.

“ಆರ್ವಿಡ್ ಸ್ಕೋಗ್ಮೋ, ಮೂರನೇ ಕ್ಲಾಸಲ್ಲೂ ನೀನು ಬಾಗಿಲಿಂದ ಒಳಗೆ ಬಂದೋನಲ್ಲ.”

“ತಪ್ಪಾಯ್ತು, ಮಿಸ್.”

“ಮೊದ್ಲು ಕೈ ತೊಳ್ಕೊಂಡು ಬಾ.”

ಐವತ್ತೆಂಟರ ಆರ್ವಿಡ್ ಹೋಗಿ ಕೈ ತೊಳೆದ. ಅವರ ಹತ್ತಿರ ಒಂದಕ್ಷರವೂ ಕಲಿಯದ ಡೆಲ್ ಕೂಡ ತೊಳೆದ.

ಮಾರ್ಲಿಸ್ ಬಂದಳು, ಕಿಂಡಿ ನೋಡಿದಳು, ಗಂಡನನ್ನು ನೋಡಿದಳು. ಬಿಚ್ಚುತ್ತಿದ್ದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿಕೊಂಡಳು. ಆರ್ವಿಡ್‌ಗೆ ಬೈಗುಳಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ರೂಬೆನ್ ಬಂದು ತಲೆ ಒಳಗೆ ಹಾಕಿ ನೋಡಿದವನೇ ಲೊಚಗುಟ್ಟಿದ.

“ಎರಡು ಮನೆ ನಡುವೆ ಇಷ್ಟು ತೆಳು ಹಲಗೇನಾ? ನಿಮ್ಮ ಅದೃಷ್ಟ ಗಟ್ಟಿ. ಬೆಂಕಿ ತಡೆಯೋ ದಪ್ಪ ಗೋಡೆ ಹಾಕ್ಬೇಕು. ಆದ್ರೆ ಆ ಕಡೆಯವರು ಒಪ್ಪಬೇಕಲ್ಲ?”

ಕಿಂಡಿಯಿಂದ ಮಿಸ್ ಟ್ವೈಟ್‌ರ ದನಿ ಬಂತು. “ಹಾಕಪ್ಪ, ಹಾಕು. ಇವನ ಮುಖ ನೋಡ್ತಾ ಹೆಣಿಗೆ ಹಾಕೋಕಾಗಲ್ಲ.”

ಬೆಂಕಿ ತಾಗದ ಹಲಗೆಗಳು ಕೂತವು, ನಡುವೆ ಬಿಸಿ ತಡೆಯುವ ಹಾಸು ಕೂತಿತು, ಹೊಸ ಕೊಳವೆ ಸೂರು ದಾಟಿತು. ಏಳು ಗಂಟೆಗೆ ಹೊಸ ಒಲೆಯ ಗಾಜಿನ ಬಾಗಿಲ ಹಿಂದೆ ಮೂರೇ ಮೂರು ಕೊರಡು ಹೊತ್ತಿಕೊಂಡವು. ಅರ್ಧ ಗಂಟೆಯಲ್ಲಿ ಕೋಣೆ ಬ್ರೆಡ್ಡು ಸುಡುವ ಗೂಡಿನಂತಾಯಿತು. ಆರ್ವಿಡ್ ಸೆಪ್ಟೆಂಬರ್‌ನಿಂದೀಚೆಗೆ ಮೊದಲ ಸಲ ಕಾಲುಚೀಲ ಬಿಚ್ಚಿ, ಹತ್ತೂ ಬೆರಳನ್ನು ಬೆಂಕಿಗೆ ಪರಿಚಯಿಸಿದ. ಮಾರ್ಲಿಸ್ ಕೂಡ ನಕ್ಕಳು.

ಆಗ ಕರೆಗಂಟೆ ಬಡಿದುಕೊಂಡಿತು. ಬಾಗಿಲಲ್ಲಿ ತುಪ್ಪಳದ ಕೋಟು ತೊಟ್ಟ ಮಿಸ್ ಟ್ವೈಟ್.

“ನನ್ನ ಗೋಡೆಗೆ ಏನು ಮಾಡ್ದೆ?”

“ಗಟ್ಟಿ ಮಾಡಿದೀವಿ, ಮಿಸ್. ಇನ್ನು ಏನೂ ಭಯ ಇಲ್ಲ.”

“ಅದು ಹೆಣದ ಹಾಗೆ ತಣ್ಣಗಿದೆ! ಇಪ್ಪತ್ತು ಚಳಿಗಾಲ ಆ ಕೋಣೇಲಿ ಹೀಟರ್ ಹಾಕಿಲ್ಲ ನಾನು. ಅಕ್ಟೋಬರ್ ಬಂತು ಅಂದ್ರೆ ಗೋಡೆ ತಾನಾಗಿ ಬೆಚ್ಚಗಾಗ್ತಿತ್ತು. ಬೆನ್ನು ಕೊಟ್ಟು ಕೂತ್ಬಿಡ್ತಿದ್ದೆ. ಹಳೇ ಕಾಲದ ಮನೆ, ಎಂಥಾ ಗಟ್ಟಿ ಕಟ್ಟಡ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ.”

ಇಪ್ಪತ್ತು ವರ್ಷ ರಟ್ಟೆ ಬೀಳುವಂತೆ ಸೀಳಿದ ಬರ್ಚ್ ಕಟ್ಟಿಗೆಯೆಲ್ಲ ಯಾರ ಬೆನ್ನು ಕಾಯಿಸಿತ್ತೆಂದು ಆರ್ವಿಡ್‌ಗೆ ಈಗ ತಿಳಿಯಿತು.

“ಅಯ್ಯೋ, ಇಲ್ಲೇ ಬಂದು ಕೂತ್ಕೊಳ್ಳಿ ಮಿಸ್,” ಅಂದಳು ಮಾರ್ಲಿಸ್.

“ನೀನು ಹಾಗನ್ನುತ್ತೀಯ ಅಂತ ಗೊತ್ತಿತ್ತು,” ಎಂದು ಅವರು ಪಕ್ಕಕ್ಕೆ ಸರಿದರು. ಹಿಂದೆ ಡೆಲ್ ಆರಾಮಕುರ್ಚಿ ಹೊತ್ತು ಏದುಸಿರು ಬಿಡುತ್ತ ನಿಂತಿದ್ದ. “ಏಪ್ರಿಲ್‌ವರೆಗೆ ಸಂಜೆ ಹೊತ್ತು ಮಾತ್ರ.”

ಕುರ್ಚಿ ಒಲೆಯ ಎದುರಿಗೇ ಕೂತಿತು. ಅದರ ಅಗಲಕ್ಕೆ ಆರ್ವಿಡ್ ಹಿಂದೆ ಸರಿದ, ಮತ್ತೆ ಸರಿದ, ಕೊನೆಗೆ ಗಾಳಿ ನುಗ್ಗುವ ಬಾಗಿಲ ಪಕ್ಕದ ಸ್ಟೂಲಿಗೆ ಬಂದು ಮುಟ್ಟಿದ.

“ಆರ್ವಿಡ್,” ಎಂದರು ಮಿಸ್ ಟ್ವೈಟ್, ಹೆಣಿಗೆಯಿಂದ ಕಣ್ಣೆತ್ತದೆ, “ದೊಡ್ಡೋರ ಮುಂದೆ ಬರಿಗಾಲಲ್ಲಿ ಕೂರ್ತಾರಾ? ಕಾಲುಚೀಲ ಹಾಕ್ಕೋ.”

ಆರ್ವಿಡ್ ಹಾಕಿಕೊಂಡ. ಅವನು ಕೂತ ಜಾಗಕ್ಕೆ ಅದು ಬೇಕಾಗಿಯೂ ಇತ್ತು.